‘ಉಳೀತೀವಾ, ಇಲ್ವಾ?’ ಎಂಬ ಪ್ರಶ್ನೆ ಹಿಡಿದು ನಿದ್ದೆಗೆಟ್ಟವರಿಗೆ

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮದುವೆಯಾಗಿ ನಾಲ್ಕು ವರ್ಷವಾಯಿತು. ತವರು ಕನಕಪುರದ ಕಡೆಯ ಹಳ್ಳಿ, ಅಪ್ಪ ಈಗಲೂ ರಾಗಿ ಬೆಳೆಯುತ್ತಾರೆ. ಒಂದು ವರ್ಷದಿಂದ ರಾತ್ರಿ ಒಂದು, ಎರಡು ಗಂಟೆಯವರೆಗೂ ಮೊಬೈಲ್‌ನಲ್ಲಿ ಹವಾಮಾನ, ಅಣುಯುದ್ಧ, ಎಐ ಸುದ್ದಿಗಳನ್ನೇ ನೋಡುತ್ತಿರುತ್ತೇನೆ. 2030ಕ್ಕೆ ಎಲ್ಲ ಮುಗಿಯುತ್ತದೆ ಎಂದು ಒಬ್ಬರು, ಎಐ ಮನುಷ್ಯರನ್ನೇ ಮುಗಿಸುತ್ತದೆ ಎಂದು ಇನ್ನೊಬ್ಬರು. ಮಗುವಿನ ಮಾತು ಬಂದರೆ ಎದೆ ಡವಗುಟ್ಟುತ್ತದೆ. ಅತ್ತೆ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ’ ಅನ್ನುತ್ತಾರೆ. ನಮ್ಮವರು ‘ಅದನ್ನೆಲ್ಲ ಯೋಚಿಸ್ಬೇಡ’ ಅನ್ನುತ್ತಾರೆ. ನನಗೆ ಒಂದೇ ಒಂದು ಸರಿಯಾದ ಉತ್ತರ ಬೇಕು: ಮನುಷ್ಯಕುಲ ಉಳಿಯುತ್ತಾ, ಇಲ್ವಾ?

ಉತ್ತರ: ನೀವು ಕೇಳಿದ ಆ ಒಂದು ಉತ್ತರ ಭೂಮಿಯ ಮೇಲೆ ಯಾರ ಬಳಿಯೂ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಒಂದು ವರ್ಷದಿಂದ ನೀವು ರಾತ್ರಿಯೆಲ್ಲ ಹುಡುಕುತ್ತಿರುವುದು ಅದನ್ನೇ. ಸಿಗದ ವಸ್ತುವನ್ನು ಹುಡುಕುತ್ತಾ ಹೋದಷ್ಟೂ ಮನಸ್ಸಿಗೆ ‘ಇನ್ನೂ ಹುಡುಕು, ಅಪಾಯ ಇದೆ’ ಎಂಬ ಸೂಚನೆಯೇ ಹೋಗುತ್ತಿರುತ್ತದೆ. ನಿಮ್ಮ ನಿದ್ದೆ ಕೆಡಿಸಿರುವುದರಲ್ಲಿ ಕೆಟ್ಟ ಸುದ್ದಿಯ ಪಾಲಿಗಿಂತ ಈ ಹುಡುಕಾಟದ ಪಾಲೇ ಹೆಚ್ಚು.

ಮನಸ್ಸು ಹೀಗೇಕೆ ಮಾಡುತ್ತದೆ ಎಂಬುದಕ್ಕೆ 2016ರಲ್ಲಿ ಪ್ರಕಟವಾದ ಲಂಡನ್‌ನ ಒಂದು ಪ್ರಯೋಗವನ್ನು ನೋಡಿ. 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಕೊಟ್ಟರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಷ್ಟು ಕರೆಂಟು ಹೊಡೆಯುತ್ತದೆ. ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಅಳೆದಾಗ ಒತ್ತಡ ಅತಿ ಹೆಚ್ಚಾಗಿದ್ದದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗಲ್ಲ, ಐವತ್ತಕ್ಕೆ ಐವತ್ತು ಎಂಬಂತಿದ್ದಾಗ. ನೋವು ಖಾತ್ರಿಯಾದರೆ ದೇಹ ಅದಕ್ಕೆ ಸಿದ್ಧವಾಗಿಬಿಡುತ್ತದೆ, ಅರ್ಧ ಅನುಮಾನ ಉಳಿದರೆ ಆಗುವುದಿಲ್ಲ. ‘ಎಲ್ಲ ಮುಗಿದೇಹೋಯಿತು’ ಎನ್ನುವ ವಿಡಿಯೊಗಳಿಗೆ ನೀವು ಮತ್ತೆ ಮತ್ತೆ ಮರಳುವುದೂ ಇದಕ್ಕೇ. ಅಲ್ಲಿ ಭಯ ಇದ್ದರೂ ಖಚಿತತೆ ಇದೆ, ಹತ್ತು ನಿಮಿಷ ಅನುಮಾನದಿಂದ ಬಿಡುಗಡೆ ಸಿಗುತ್ತದೆ. ಅತ್ತೆಯವರ ಗಾದೆಯೂ ಅದೇ ಕೆಲಸವನ್ನು ಎದುರು ದಿಕ್ಕಿನಿಂದ ಮಾಡುತ್ತದೆ. ಎರಡರ ಪರಿಣಾಮವೂ ಮರುದಿನದ ಹೊತ್ತಿಗೆ ಇಳಿದುಹೋಗುತ್ತದೆ.

ಯಜಮಾನರ ‘ಯೋಚಿಸಬೇಡ’ ಕೂಡ ಹಿಡಿಯುವ ಮಾತಲ್ಲ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ‘ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ’ ಎಂದು ಹೇಳಿ ಕೂರಿಸಿದಾಗ ಅವರ ತಲೆಯಲ್ಲಿ ಕರಡಿ ಬರುತ್ತಲೇ ಇತ್ತು, ಆಮೇಲೆ ನೆನೆಯಲು ಬಿಟ್ಟಾಗ ಮತ್ತೂ ಹೆಚ್ಚಾಗಿ ಬಂತು. ಹೊಸ್ತಿಲಲ್ಲಿ ತಡೆದ ಚಿಂತೆ ಹಿತ್ತಲಿನಿಂದ ಬರುತ್ತದೆ. ತಡೆಯುವ ಬದಲು ಅದಕ್ಕೊಂದು ಹೊತ್ತು ಗೊತ್ತು ಮಾಡಬೇಕು. ಆ ವಿಧಾನಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚೆ ನೀವು ಓದುತ್ತಿರುವ ಸಂಖ್ಯೆಗಳನ್ನು ಓದುವ ಬಗೆ ಕಲಿಯಬೇಕು. ಇದಕ್ಕೆ ಇತ್ತೀಚಿನ ಒಂದು ಕ್ಷುದ್ರಗ್ರಹದಷ್ಟು ಒಳ್ಳೆಯ ಪಾಠ ಸಿಗುವುದಿಲ್ಲ. 2024ರ ಡಿಸೆಂಬರ್ 27ರಂದು ಚಿಲಿ ದೇಶದ ಒಂದು ದೂರದರ್ಶಕಕ್ಕೆ ‘2024 ವೈಆರ್4’ ಎಂಬ ಬಂಡೆ ಕಂಡಿತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇ 1 ದಾಟಿತು. ಏರುತ್ತಾ ಏರುತ್ತಾ ಫೆಬ್ರವರಿ 18ಕ್ಕೆ ನಾಸಾ ಲೆಕ್ಕದಲ್ಲಿ ಶೇ 3.1 ಆಯಿತು. ಒಂದೇ ವಾರದಲ್ಲಿ ಅದು ಶೇ 0.01ಕ್ಕೂ ಕೆಳಗಿಳಿಯಿತು. ಆ ವಾರಗಳಲ್ಲಿ ದಿನಾ ಸುದ್ದಿ ನೋಡಿದವರಿಗೆ ಅಪಾಯ ಹತ್ತಿರ ಹತ್ತಿರ ಬರುತ್ತಿದೆ ಅನ್ನಿಸಿದ್ದು ಸಹಜ. ಲೆಕ್ಕ ಗೊತ್ತಿದ್ದ ಖಗೋಳಜ್ಞರಿಗೆ ಮಾತ್ರ ಈ ಏರಿಕೆ ನಿರೀಕ್ಷಿತವೇ ಆಗಿತ್ತು. ಹೇಗೆ? ಮೊದಲ ದಿನಗಳಲ್ಲಿ ಬಂಡೆ ಸಾಗಬಹುದಾದ ದಾರಿಗಳೆಲ್ಲ ಸೇರಿ ಆಗುವ ರಿಬ್ಬನ್‌ನಂಥ ಪಟ್ಟಿ ಬಹಳ ಅಗಲವಾಗಿರುತ್ತದೆ, ಅದರೊಳಗೆ ಭೂಮಿ ಒಂದು ಚುಕ್ಕೆ. ಹೊಸ ಅಳತೆಗಳು ಬಂದಂತೆ ಪಟ್ಟಿ ಕಿರಿದಾಗುತ್ತದೆ. ಭೂಮಿ ಇನ್ನೂ ಅದರೊಳಗೇ ಇದ್ದರೆ ಕಿರಿದಾದ ಪಟ್ಟಿಯಲ್ಲಿ ಚುಕ್ಕೆಯ ಪಾಲು ದೊಡ್ಡದಾಗುತ್ತದೆ, ಅಂದರೆ ಶೇಕಡಾ ಏರುತ್ತದೆ. ಪಟ್ಟಿ ಇನ್ನಷ್ಟು ಕಿರಿದಾಗಿ ಭೂಮಿಯಿಂದಾಚೆ ಸರಿದ ದಿನ ದಿಢೀರನೆ ಸೊನ್ನೆಗೆ ಇಳಿಯುತ್ತದೆ. ಬಂಡೆ ಇಡೀ ಅವಧಿಯಲ್ಲಿ ತನ್ನ ದಾರಿಯಲ್ಲೇ ಇತ್ತು. ಬದಲಾಗುತ್ತಿದ್ದದ್ದು ನಮ್ಮ ತಿಳಿವಳಿಕೆ. ಜನವರಿಯಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ನೋಡಿದವರು ಏನನ್ನೂ ಕಳೆದುಕೊಳ್ಳಲಿಲ್ಲ, ನಡುವಿನ ನಿದ್ದೆಯೊಂದನ್ನು ಉಳಿಸಿಕೊಂಡರು.

ಇನ್ನು ನಿಮ್ಮ 2030. ಈ ಇಸವಿಯ ಮೂಲ 2018ರ ಅಕ್ಟೋಬರ್‌ನಲ್ಲಿ ಬಂದ ಐಪಿಸಿಸಿ (ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) ವರದಿ. ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆಯಬೇಕಾದರೆ 2010ರ ಮಟ್ಟಕ್ಕಿಂತ ಸುಮಾರು ಶೇ 45ರಷ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2030ರೊಳಗೆ ಇಳಿಯಬೇಕು ಎಂದು ಅದು ಹೇಳಿತು. ತಲೆಬರಹಗಳಲ್ಲಿ ಇದು ‘ಉಳಿದಿರುವುದು 12 ವರ್ಷ’ ಆಯಿತು, ವಿಡಿಯೊಗಳಿಗೆ ಬರುವಷ್ಟರಲ್ಲಿ ಪ್ರಳಯದ ತಾರೀಕಾಯಿತು. ವರದಿ ಹೇಳಿದ್ದು ಒಂದು ಗುರಿಯ ಗಡುವನ್ನು. ಗುರಿ ತಪ್ಪಿದರೆ ಲೋಕ ಮುಗಿಯುತ್ತದೆ ಎಂದಲ್ಲ, ನಷ್ಟ ಹೆಚ್ಚುತ್ತದೆ ಎಂದು. ಅದೇ ವರದಿಯ ಲೆಕ್ಕದಲ್ಲಿ 1.5 ಡಿಗ್ರಿಗೆ ಹವಳದ ದಿಬ್ಬಗಳಲ್ಲಿ ಶೇ 70ರಿಂದ 90 ನಾಶವಾಗುತ್ತವೆ, 2 ಡಿಗ್ರಿಗೆ ಶೇ 99ಕ್ಕೂ ಹೆಚ್ಚು. ಅರ್ಧ ಡಿಗ್ರಿಗೆ ಇಷ್ಟು ಅಂತರವಿದ್ದರೆ ಹತ್ತನೇ ಒಂದು ಡಿಗ್ರಿಗೂ ಬೆಲೆ ಇದೆ ಎಂದಾಯಿತು; ‘ಮುಗಿಯಿತು’ ಎಂದು ಕೈತೊಳೆಯುವ ಹಂತವೇ ಈ ಲೆಕ್ಕದಲ್ಲಿ ಬರುವುದಿಲ್ಲ. ಇದರಿಂದ ನಿಮ್ಮ ಆತಂಕ ನಿರಾಧಾರ ಎಂದೇನೂ ಆಗುವುದಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ನಿಮ್ಮ ತಂದೆ ಹೊಲದಲ್ಲೇ ಕಂಡಿರುತ್ತಾರೆ. ಆದರೆ ಬರಕ್ಕೆ ಮಾಡಬೇಕಾದ ಸಿದ್ಧತೆ ಒಂದು, ಪ್ರಳಯಕ್ಕೆ ಕಾಯುತ್ತಾ ಕೂರುವುದು ಇನ್ನೊಂದು.

ಅಣ್ವಸ್ತ್ರದ ಬಗ್ಗೆ ನೀವು ನೋಡಿರಬಹುದಾದ ‘ಪ್ರಳಯದ ಗಡಿಯಾರ’ ಅಳತೆಯ ಉಪಕರಣವಲ್ಲ. ಅಮೆರಿಕದ ಅಣು ವಿಜ್ಞಾನಿಗಳ ಪತ್ರಿಕೆಯೊಂದು 1947ರಲ್ಲಿ ಶುರುಮಾಡಿದ ಎಚ್ಚರಿಕೆಯ ಚಿತ್ರ ಅದು. ಒಂದು ಮಂಡಳಿ ಕೂತು ಚರ್ಚಿಸಿ ಮುಳ್ಳು ಸರಿಸುತ್ತದೆ. 1991ರಲ್ಲಿ ಮಧ್ಯರಾತ್ರಿಗೆ, ಅಂದರೆ ವಿನಾಶಕ್ಕೆ, 17 ನಿಮಿಷ ಇತ್ತು, 2025ರ ಜನವರಿಯಲ್ಲಿ 89 ಸೆಕೆಂಡ್. ಜಗತ್ತು ಅಣುಯುದ್ಧಕ್ಕೆ ಅತಿ ಹತ್ತಿರ ಬಂದಿದ್ದ 1962ರ ಕ್ಯೂಬಾ ಬಿಕ್ಕಟ್ಟಿನ ದಿನಗಳಲ್ಲಿ ಮುಳ್ಳು ಕದಲಲೇ ಇಲ್ಲ. ಮುಳ್ಳು ಸರಿಸುವುದರೊಳಗೆ ಬಿಕ್ಕಟ್ಟೇ ಮುಗಿದಿತ್ತು. ಎಣಿಸಿ ನೋಡಬಹುದಾದ ಸಂಖ್ಯೆ ಬೇಕಿದ್ದರೆ ಸಿಡಿತಲೆಗಳದ್ದಿದೆ: 1986ರಲ್ಲಿ ಸುಮಾರು 70,000, ಈಗ ಸುಮಾರು 12,000. ಇಷ್ಟಿದ್ದರೂ ಅನಾಹುತಕ್ಕೆ ಸಾಕು, ಅದರಲ್ಲಿ ಎರಡು ಮಾತಿಲ್ಲ. ಇಳಿಸಲು ಸಾಧ್ಯ ಎಂಬುದೂ ಅಷ್ಟೇ ನಿಜ.

ಎಐ ವಿಷಯದಲ್ಲಿ ನಿಮಗೆ ಸಮಾಧಾನದ ಸಂಖ್ಯೆಯೊಂದನ್ನು ಕೊಡುವುದು ಮೋಸವಾಗುತ್ತದೆ. 2023ರಲ್ಲಿ 2,778 ಎಐ ಸಂಶೋಧಕರನ್ನು ಕೇಳಿದ ಸಮೀಕ್ಷೆಯಲ್ಲಿ, ಮನುಷ್ಯಕುಲ ಅಳಿಯುವಂಥ ಅಥವಾ ಅಷ್ಟೇ ಕೆಟ್ಟ ಫಲಿತಾಂಶದ ಸಾಧ್ಯತೆಗೆ ನಡುಮಧ್ಯದ ಉತ್ತರ (ಎಲ್ಲರ ಉತ್ತರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವುದು) ಶೇ 5 ಬಂತು. ಪ್ರಶ್ನೆಯನ್ನು ಸ್ವಲ್ಪ ಬೇರೆ ಮಾತಿನಲ್ಲಿ ಕೇಳಿದಾಗ ಶೇ 10 ಆಯಿತು. ಇಂಥ ಅಪಾಯವನ್ನು ಜಗತ್ತು ಗಂಭೀರವಾಗಿ ತೆಗೆದುಕೊಳ್ಳಬೇಕು ಎನ್ನಲು ಶೇ 5 ಧಾರಾಳವಾಗಿ ಸಾಕು. ಆದರೆ ಪದ ಬದಲಾದರೆ ಎರಡರಷ್ಟಾಗುವ ಸಂಖ್ಯೆ ಥರ್ಮಾಮೀಟರಿನ ಅಂಕಿಯಂಥದ್ದಲ್ಲ. ಯಂತ್ರ ಕಟ್ಟುವ ಜಾಣ್ಮೆ ಬೇರೆ, ಭವಿಷ್ಯ ಊಹಿಸುವ ಜಾಣ್ಮೆ ಬೇರೆ. ಎರಡನೆಯದು ಬೆಳೆಯುವುದು ಊಹೆ ಸರಿಯೋ ತಪ್ಪೋ ಎಂದು ಮತ್ತೆ ಮತ್ತೆ ಗೊತ್ತಾಗುವ ಕಡೆ ಮಾತ್ರ. ಹವಾಮಾನ ಇಲಾಖೆಯವರಿಗೆ ದಿನಾ ಸಂಜೆ ಫಲಿತಾಂಶ ಸಿಗುತ್ತದೆ, ಇದರಲ್ಲಿ ಯಾರಿಗೂ ಸಿಕ್ಕಿಲ್ಲ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ.

ಮೊದಲು ಸುದ್ದಿ. ಒಂದು ಸಂಗತಿ ಎಷ್ಟು ನಿಧಾನವಾಗಿ ಬದಲಾಗುತ್ತದೋ ಅಷ್ಟೇ ನಿಧಾನವಾಗಿ ಅದನ್ನು ನೋಡಬೇಕು ಎಂಬುದು ಇಲ್ಲಿ ಸೂತ್ರ. ಸಿಡಿತಲೆಗಳ ಲೆಕ್ಕ ವರ್ಷಕ್ಕೊಮ್ಮೆ ಬರುತ್ತದೆ. ಹೊರಸೂಸುವಿಕೆಯ ಬಗ್ಗೆ ವಿಶ್ವಸಂಸ್ಥೆಯ ವರದಿಯೂ ವರ್ಷಕ್ಕೊಮ್ಮೆ. ಐಪಿಸಿಸಿಯ ದೊಡ್ಡ ವರದಿ ಆರೇಳು ವರ್ಷಕ್ಕೊಮ್ಮೆ. ವರ್ಷಕ್ಕೊಮ್ಮೆ ಕದಲುವ ಮುಳ್ಳನ್ನು ಗಂಟೆಗೊಮ್ಮೆ ನೋಡಿದರೆ ಕಾಣುವುದು ಗದ್ದಲ ಮಾತ್ರ. ವಾರಕ್ಕೆ ಎರಡು ಸಲ, ಸಲಕ್ಕೆ 25 ನಿಮಿಷ, ಹಗಲು ಹೊತ್ತಿನಲ್ಲಿ, ಕುರ್ಚಿಯಲ್ಲಿ ಕೂತು ಓದಿ. ವಿಡಿಯೊ ಬೇಡ, ಬರಹ ಸಾಕು. ಬುಧವಾರ ಮತ್ತು ಭಾನುವಾರ ಎಂದಿಟ್ಟುಕೊಳ್ಳಿ. ಮಳೆ, ಸಿಡಿಲು, ಬಿಸಿಗಾಳಿಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಇವತ್ತು ನಾಳೆಯ ಮಾತು, ಅವನ್ನು ದಿನಾ ನೋಡಿ. ಮೊಬೈಲ್ ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲ್‌ಗೆ ಸಾಗಿಸಿ, ಬೆಳಗಿನ ಅಲಾರಾಂಗೆ ಬೇರೆ ಗಡಿಯಾರ ಕೊಳ್ಳಿ. ಇಚ್ಛಾಶಕ್ತಿಯ ಮೇಲೆ ಭಾರ ಹಾಕುವುದಕ್ಕಿಂತ ಹತ್ತು ಹೆಜ್ಜೆಯ ದೂರ ಹೆಚ್ಚು ಕೆಲಸ ಮಾಡುತ್ತದೆ. ವಿಡಿಯೊ ಆ್ಯಪ್‌ನಲ್ಲಿ ಹಳೆಯ ವೀಕ್ಷಣೆಯ ಪಟ್ಟಿಯನ್ನು ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿ. ಇಲ್ಲದಿದ್ದರೆ ನೀವು ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ.

ಎರಡನೆಯದು ಚಿಂತೆಗೊಂದು ಹೊತ್ತು. 1983ರಲ್ಲಿ ಥಾಮಸ್ ಬೊರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಪರೀಕ್ಷಿಸಿದ ವಿಧಾನ ಇದು, ಇಂದಿಗೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ದಿನಾ ಒಂದೇ ಹೊತ್ತು, ಒಂದೇ ಜಾಗ, 25ರಿಂದ 30 ನಿಮಿಷ. ನಿಮಗೆ ಸಂಜೆ ಆರು ಗಂಟೆ ಹೊಂದಬಹುದು. ಮಲಗುವುದಕ್ಕೆ ಕನಿಷ್ಠ ಮೂರು ಗಂಟೆ ಮುಂಚೆ ಇರಲಿ. ಹಾಸಿಗೆಯ ಮೇಲಂತೂ ಬೇಡ. ಹಗಲಲ್ಲಿ ಚಿಂತೆ ಬಂದಾಗ ಜೇಬಿನ ಚೀಟಿಯಲ್ಲಿ ಐದಾರು ಪದ ಬರೆದು ‘ಆರು ಗಂಟೆಗೆ’ ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮೊಬೈಲ್‌ನಲ್ಲಿ ಬರೆದುಕೊಳ್ಳಲು ಹೋಗಬೇಡಿ, ಬರೆಯಲು ತೆರೆದವರು ಸುದ್ದಿ ನೋಡಿ ಮುಚ್ಚುತ್ತಾರೆ. ಆರಕ್ಕೆ ಚೀಟಿ ಬಿಡಿಸಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಈ ವಾರ ನನ್ನ ಕೈಯಿಂದ ಆಗುವಂಥದ್ದು ಇದರಲ್ಲಿ ಏನಾದರೂ ಇದೆಯೇ? ಇದ್ದರೆ ಯಾವ ದಿನ, ಎಷ್ಟು ಗಂಟೆಗೆ, ಏನು ಎಂದು ಬರೆದು ಮುಗಿಸಿ. ‘ಕೆಲಸ ಹೋದರೆ?’ ಎಂಬ ಸಾಲು ‘ಶನಿವಾರ ಬೆಳಿಗ್ಗೆ ತಿಂಗಳ ಖರ್ಚಿನ ಲೆಕ್ಕ’ ಆಗಬಹುದು.

ಕೈಯಿಂದ ಆಗುವಂಥದ್ದು ಏನೂ ಇಲ್ಲದ ಸಾಲುಗಳಿಗೆ ಬೇರೆ ಉಪಾಯ. ಅತಿ ಹೆದರಿಸುವ ಒಂದನ್ನು ಆರಿಸಿ, ಅದು ಈಗ ನಡೆಯುತ್ತಿರುವಂತೆ, ‘ನಾನು’ ಎಂದು, ಕಾಣುವುದು ಕೇಳುವುದು ಸಮೇತ ಒಂದೂವರೆ ಪುಟ ಬರೆಯಿರಿ. ಅದೇ ದೃಶ್ಯವನ್ನು ಮರುದಿನವೂ, ಅದರ ಮರುದಿನವೂ. ಮೊದಲ ದಿನ ಭಯ ನೂರಕ್ಕೆ 80 ಇದ್ದದ್ದು ಹತ್ತು ಹನ್ನೆರಡನೇ ಸಲಕ್ಕೆ ಬೇಸರವಾಗಿ ತಿರುಗುವುದು ಸಾಮಾನ್ಯ. ಬೇಸರ ಬಂದರೆ ಮದ್ದು ಹಿಡಿಯಿತು ಎಂದರ್ಥ. ಇದು ಕೆಡುವುದು ಎರಡು ಕಡೆ. ಭಯ ಏರುವ ಜಾಗಕ್ಕೆ ಬಂದೊಡನೆ ಪೆನ್ನು ಕೆಳಗಿಡುವುದು ಒಂದು. ಕೊನೆಯ ಸಾಲಿನಲ್ಲಿ ‘ಆದರೆ ಹೀಗೇನೂ ಆಗಲ್ಲ ಬಿಡು’ ಎಂದು ಸೇರಿಸುವುದು ಇನ್ನೊಂದು. ಆ ಸಾಲು ಬಂದರೆ ಅಷ್ಟು ಹೊತ್ತು ಬರೆದದ್ದು ನೀರಲ್ಲಿ ಹೋಮ. ಮನಸ್ಸು ಕಲಿಯಬೇಕಾದದ್ದು ಭರವಸೆ ಸಿಗದಿದ್ದರೂ ಭಯ ತಾನಾಗಿ ಇಳಿಯುತ್ತದೆ ಎಂಬುದನ್ನು. ಹಿಂದೆ ದೊಡ್ಡ ಆಘಾತ ಆಗಿದ್ದವರು, ಬದುಕೇ ಬೇಡ ಎಂಬ ಯೋಚನೆ ಇರುವವರು ಈ ಬರವಣಿಗೆಯನ್ನು ಒಬ್ಬರೇ ಮಾಡಬಾರದು, ಚಿಕಿತ್ಸಕರ ಜತೆ ಮಾಡಬೇಕು. ಚೀಟಿಯ ಭಾಗ ಎಲ್ಲರಿಗೂ ಸುರಕ್ಷಿತ.

ಮೊದಲ ವಾರ ಚಿಂತೆ ಹೆಚ್ಚಾದಂತೆ ಕಾಣಬಹುದು, ಬರೆದಿಟ್ಟದ್ದು ಕಣ್ಣಿಗೆ ಬೀಳುತ್ತದಲ್ಲ. ಎರಡು ವಾರಕ್ಕೆ ಮುಂಚೆ ತೀರ್ಪು ಕೊಡಬೇಡಿ. ಆರು ಗಂಟೆಗೆ ಕೂತಾಗ ಚಿಂತೆಯೇ ಬರುತ್ತಿಲ್ಲ ಎಂದರೆ ಒತ್ತಾಯದಿಂದ ತಂದುಕೊಳ್ಳಬೇಕಿಲ್ಲ, ಎದ್ದು ಕಾಫಿ ಕುಡಿಯಲು ಹೋಗಬಹುದು ಎನ್ನುತ್ತಿದ್ದೆ, ಆದರೆ ಆ ಹೊತ್ತಿಗೆ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ನಿಮ್ಮಂಥವರಿಗೆ ಮಧ್ಯಾಹ್ನ ಎರಡರ ಮೇಲೆ ಮಜ್ಜಿಗೆಯೇ ಲೇಸು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಬಟ್ಟೆ ಮಡಿಸಿ, ತೂಕಡಿಕೆ ಬಂದಾಗ ಮರಳಿ. ನಿದ್ದೆಯ ಬಗ್ಗೆ ಇಷ್ಟು ಸಾಕು.

ಮೂರನೆಯದು ಕಷ್ಟದ್ದು, ಆದರೆ ಫಲ ಹೆಚ್ಚು. ಖಚಿತತೆಗಾಗಿ ನೀವು ದಿನಾ ಮಾಡುವ ಸಣ್ಣಪುಟ್ಟ ಕೆಲಸಗಳ ಪಟ್ಟಿ ಮಾಡಿ: ಎದ್ದೊಡನೆ ಸುದ್ದಿ ನೋಡುವುದು, ‘ಏನೂ ಆಗಲ್ಲ ಅಲ್ವಾ?’ ಎಂದು ಯಜಮಾನರನ್ನು ಕೇಳುವುದು, ಒಂದೇ ವಿಷಯಕ್ಕೆ ಐದು ಅಭಿಪ್ರಾಯ ಹುಡುಕುವುದು, ಮುಂದಿನ ವರ್ಷದ ಪ್ರವಾಸ ಬುಕ್ ಮಾಡದೆ ತಳ್ಳುವುದು. ಒಂದೊಂದನ್ನೂ ಬಿಟ್ಟರೆ ಎಷ್ಟು ಕಸಿವಿಸಿ ಆದೀತು ಎಂದು ನೂರಕ್ಕೆ ಅಂಕ ಹಾಕಿ. 30ರ ಆಸುಪಾಸಿನದನ್ನು ಮೊದಲು ಬಿಡಿ, 80ರದ್ದರಿಂದ ಶುರುಮಾಡಿದವರು ಮೂರನೇ ದಿನಕ್ಕೆ ಎಲ್ಲವನ್ನೂ ಕೈಬಿಡುತ್ತಾರೆ. ಬಿಟ್ಟ ತಕ್ಷಣ, ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ ಕಸಿವಿಸಿ ಎಷ್ಟಿತ್ತು ಬರೆದಿಡಿ. ಏರಿ, ನಿಂತು, ಇಳಿಯುವುದನ್ನು ನಿಮ್ಮ ಕೈಬರಹದಲ್ಲೇ ನೋಡುವುದು ಮುಖ್ಯ. ಯಜಮಾನರಿಗೂ ಇದರಲ್ಲಿ ಪಾಲಿದೆ. ನೀವು ಭರವಸೆ ಕೇಳಿದಾಗ ಅವರು ಕೊಡಬಾರದು, ಗದರಲೂಬಾರದು. ‘ಅದು ಆರು ಗಂಟೆಯ ಪ್ರಶ್ನೆ ಅಲ್ವಾ? ಬಾ, ಸೊಪ್ಪು ಬಿಡಿಸೋಣ’ ಎಂದರೆ ಸಾಕು. ಇದನ್ನು ಮೊದಲೇ ಇಬ್ಬರೂ ಮಾತಾಡಿ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಜಗಳವೇ.

ನೀವು ಟೆಸ್ಟಿಂಗ್ ಕೆಲಸದವರಾದ್ದರಿಂದ ಇನ್ನೊಂದು ಅಭ್ಯಾಸ ನಿಮಗೆ ರುಚಿಸಬಹುದು: ಊಹೆಯ ಪುಸ್ತಕ. ನಾಲ್ಕು ಕಲಂ ಸಾಕು, ಏನಾಗುತ್ತದೆ, ಯಾವ ತಾರೀಕಿನೊಳಗೆ, ಶೇಕಡಾ ಎಷ್ಟು ಸಾಧ್ಯತೆ, ಏನಾಯಿತು. ‘ಎಲ್ಲ ಹಾಳಾಗುತ್ತೆ’ ಎಂಬುದು ಊಹೆಯಲ್ಲ, ಅದನ್ನು ಪರೀಕ್ಷಿಸಲಾಗದು. ‘ಡಿಸೆಂಬರ್ 31ರೊಳಗೆ ನಮ್ಮ ತಂಡದಿಂದ ಒಬ್ಬರನ್ನಾದರೂ ತೆಗೆಯುತ್ತಾರೆ, ಶೇ 30’ ಎಂಬುದು ಊಹೆ. ಅಂಕ ಹಾಕಲು ಹವಾಮಾನತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸುಲಭ ಲೆಕ್ಕವಿದೆ. ಸಾಧ್ಯತೆಯನ್ನು ದಶಾಂಶದಲ್ಲಿ ಬರೆಯಿರಿ. ಊಹಿಸಿದ್ದು ನಡೆದರೆ 1, ನಡೆಯದಿದ್ದರೆ 0. ಎರಡರ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. 0.7 ಎಂದಿದ್ದು ಆಯಿತೆಂದರೆ 0.3 ಗುಣಿಸು 0.3, ಅಂದರೆ 0.09. ಆಗಲಿಲ್ಲವೆಂದರೆ 0.49. ಕಡಿಮೆ ಬಂದಷ್ಟೂ ಒಳ್ಳೆಯದು. ಎಲ್ಲದಕ್ಕೂ ‘ಐವತ್ತು-ಐವತ್ತು’ ಎನ್ನುವವರಿಗೆ ಯಾವಾಗಲೂ 0.25 ಬರುತ್ತದೆ, ನಿಮ್ಮ ಸರಾಸರಿ ಅದಕ್ಕಿಂತ ಹೆಚ್ಚಿದ್ದರೆ ಭಯ ಲೆಕ್ಕ ಹಾಕುತ್ತಿದೆ ಎಂದು ತಿಳಿಯಿರಿ. ಕನಿಷ್ಠ ಇಪ್ಪತ್ತು ಊಹೆ ಆಗುವವರೆಗೆ ಸರಾಸರಿಗೆ ಅರ್ಥವಿಲ್ಲ. ಬರೀ ಹೆದರಿಕೆಯವನ್ನೇ ಬರೆಯಬೇಡಿ, ‘ಈ ಸಲ ಮುಂಗಾರು ನಮ್ಮೂರಿಗೆ ಜೂನ್ 10ರೊಳಗೆ’ ಎಂಬಂಥವೂ ಇರಲಿ, ಅಪ್ಪನನ್ನೂ ಸ್ಪರ್ಧೆಗೆ ಕರೆಯಿರಿ. ಬರೆದ ಅಂಕಿಯನ್ನು ಆಮೇಲೆ ತಿದ್ದಬಾರದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿ ಚಿಂತೆಯ ಕಾಯಿಲೆ ಇದ್ದ 29 ಜನ ತಮ್ಮ ಚಿಂತೆಗಳನ್ನು ಹೀಗೆ ಬರೆದು 30 ದಿನ ಗಮನಿಸಿದಾಗ ಶೇ 91ರಷ್ಟು ನಿಜವಾಗಲಿಲ್ಲ. ಚಿಕ್ಕ ಅಧ್ಯಯನ, ಅದೂ ದಿನನಿತ್ಯದ ಚಿಂತೆಗಳ ಬಗ್ಗೆ. ಮನುಷ್ಯಕುಲದ ಅಳಿವಿಗೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಆ ಊಹೆಗೆ ಅಂಕ ಹಾಕಲು ಆಮೇಲೆ ಯಾರೂ ಉಳಿದಿರುವುದೂ ಇಲ್ಲ. ಈ ಪುಸ್ತಕದ ಉಪಯೋಗ ಬೇರೆ: ಶೇ 30 ಎಂದರೆ ಆಗುತ್ತದೆ ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ ಎಂಬುದು ಕೈಗೆ ರೂಢಿಯಾಗುತ್ತದೆ.

ಮಗುವಿನ ಪ್ರಶ್ನೆಗೆ ಹೆಚ್ಚು ಜಾಗ ಕೊಡಬೇಕು. ಇದು ನಿಮ್ಮೊಬ್ಬರದೇ ಅಲ್ಲ: ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಜನರನ್ನು ಕೇಳಿದ, 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 39ರಷ್ಟು ಮಂದಿ ಹವಾಮಾನದ ಕಾರಣಕ್ಕೆ ಮಕ್ಕಳ ಬಗ್ಗೆ ಹಿಂಜರಿಕೆ ಇದೆ ಎಂದರು. ನೀವು ಜಾಲತಾಣದಲ್ಲಿ ‘ಒಂದು ಮಗು ಕಡಿಮೆಯಾದರೆ ವರ್ಷಕ್ಕೆ 58.6 ಟನ್ ಇಂಗಾಲ ಉಳಿತಾಯ’ ಎಂಬ ಚಿತ್ರ ನೋಡಿಯೇ ಇರುತ್ತೀರಿ. 2017ರ ಆ ಲೆಕ್ಕ ಶ್ರೀಮಂತ ದೇಶಗಳದ್ದು, ಮಗುವಿನದ್ದಷ್ಟೇ ಅಲ್ಲದೆ ಮೊಮ್ಮಕ್ಕಳು, ಮರಿಮಕ್ಕಳ ಪಾಲನ್ನೂ ತಂದೆತಾಯಿಯ ಖಾತೆಗೆ ಬರೆದದ್ದು, ಅವರೆಲ್ಲರೂ ಇವತ್ತಿನಷ್ಟೇ ಹೊಗೆ ಉಗುಳುತ್ತಾರೆ ಎಂದುಕೊಂಡದ್ದು. ಭಾರತದಲ್ಲಿ ಒಬ್ಬರ ಇಂಗಾಲದ ಡೈಆಕ್ಸೈಡ್ ಪಾಲು ವರ್ಷಕ್ಕೆ ಸುಮಾರು 2 ಟನ್. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ 1.7ಕ್ಕೆ ಇಳಿದಿತ್ತು. ನಿಮ್ಮ ಒಂದು ಮಗುವಿನ ಹೆಗಲ ಮೇಲೆ ಜಗತ್ತಿನ ಭಾರ ಹೊರಿಸಬೇಕಾಗಿಲ್ಲ. ‘ಮಗು ಹುಟ್ಟಲಿ, ಎಲ್ಲ ಸರಿಹೋಗುತ್ತೆ’ ಎಂಬ ಮಾತಿಗೂ ಕಿವಿಗೊಡಬೇಕಾಗಿಲ್ಲ. ಬಾಣಂತನದ ನಿದ್ದೆಗೇಡು ಆತಂಕಕ್ಕೆ ಮದ್ದಲ್ಲ.

ಒಂದು ಪರೀಕ್ಷೆ ಮಾಡಿ. ಗಂಡ ಹೆಂಡತಿ ಬೇರೆ ಬೇರೆ ಕೂತು, ಒಬ್ಬರದನ್ನು ಒಬ್ಬರು ನೋಡದೆ ಬರೆಯಿರಿ: ನಾಳೆ ಬೆಳಿಗ್ಗೆ ಈ ಆತಂಕ ಪೂರ್ತಿ ಹೋಗಿದ್ದರೆ ನನಗೆ ಮಗು ಬೇಕೆನ್ನಿಸುತ್ತದೆಯೇ? ‘ಇಲ್ಲ’ ಎಂದು ಬಂದರೆ ಹವಾಮಾನವನ್ನು ನೆಪ ಮಾಡಿಕೊಳ್ಳಬೇಕಿಲ್ಲ. ಮಗು ಬೇಡ ಎನ್ನುವುದು ತನ್ನಷ್ಟಕ್ಕೆ ತಾನೇ ಗೌರವದ ನಿರ್ಧಾರ. ‘ಹೌದು’ ಎಂದು ಬಂದರೆ ಚಿಕಿತ್ಸೆ ಬೇಕಾಗಿರುವುದು ಆತಂಕಕ್ಕೆ, ಅದು ಆಗುವವರೆಗೆ ನಿರ್ಧಾರವನ್ನು ಅದರ ಕೈಗೆ ಕೊಡಬೇಡಿ. ಆಮೇಲೆ ಇಬ್ಬರೂ ಸೇರಿ ಎರಡನೇ ಪ್ರಶ್ನೆ: ಎರಡು ವರ್ಷ ಕಾದರೆ ಯಾವ ಹೊಸ ಮಾಹಿತಿ ಬರುತ್ತದೆ, ಅದು ಬಂದರೆ ನಮ್ಮ ಮನಸ್ಸು ಬದಲಾಗುತ್ತದೆಯೇ? ಸಂಬಳ, ಸಾಲ, ಅಮ್ಮನ ಆರೋಗ್ಯ ಎಂಬಂಥ ಉತ್ತರ ಬಂದರೆ ಕಾಯುವುದಕ್ಕೆ ಅರ್ಥವಿದೆ. ‘ಜಗತ್ತು ಯಾವ ಕಡೆ ಹೋಗುತ್ತೆ ನೋಡೋಣ’ ಎಂದಾದರೆ ಎರಡು ವರ್ಷದ ನಂತರವೂ ಇದೇ ವಾಕ್ಯ ಇರುತ್ತದೆ. ಗರ್ಭಧಾರಣೆಯ ಸಾಧ್ಯತೆ ಮಾತ್ರ 35ರ ನಂತರ ಬೇಗ ಇಳಿಯುತ್ತದೆ. ಆದ್ದರಿಂದ ಕಾಯುವುದಾದರೆ ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಹಾಕಿ ಕಾಯಿರಿ. ಆ ದಿನದವರೆಗೆ ಮನೆಯಲ್ಲಿ ಈ ಮಾತು ಎತ್ತುವುದಿಲ್ಲ ಎಂದು ಅತ್ತೆಯವರಿಗೆ ಯಜಮಾನರೇ ಹೇಳಲಿ. ಆ ಕೆಲಸ ನಿಮ್ಮದಲ್ಲ.

ಉಳಿದ ನಿರ್ಧಾರಗಳಿಗೆ ನಿಮ್ಮ ತವರಿನ ಹೊಲದಲ್ಲೇ ಮಾದರಿ ಇದೆ. ಹಳೇ ಮೈಸೂರು ಸೀಮೆಯಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು ಹಾಕುವುದು ಈ ವರ್ಷದ ಮಳೆ ಗೊತ್ತಿದೆ ಎಂದಲ್ಲ, ಗೊತ್ತಿಲ್ಲ ಎಂದು. ರಾಗಿ ಕೈಕೊಟ್ಟರೆ ತಡವಾಗಿ ಬರುವ ತೊಗರಿ, ಅವರೆಗೆ ಹಿಂಗಾರಿನ ಹನಿ ಸಿಕ್ಕೀತು. ಮಳೆ ಹೇಗೇ ಬಂದರೂ ಒಂದಷ್ಟು ಮನೆಗೆ ಬರಬೇಕು ಎಂಬ ಲೆಕ್ಕ. ಎಐ ಬಂದರೂ ಬಾರದಿದ್ದರೂ ನಷ್ಟವಾಗದ ಕೆಲಸಗಳು ಹೀಗೇ: ಆರು ತಿಂಗಳ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಅಥವಾ ಬೇಕೆಂದಾಗ ಮುರಿಸಬಹುದಾದ ಠೇವಣಿಯಲ್ಲಿ, ಕಂಪನಿ ಕೊಟ್ಟದ್ದಲ್ಲದೆ ಸ್ವಂತದ ಆರೋಗ್ಯ ವಿಮೆ, ಸಂಬಳದ ಅರ್ಧ ನುಂಗುವ ಕಂತಿನ ಮನೆ ಬೇಡವೆಂಬ ತೀರ್ಮಾನ, ಫ್ಲ್ಯಾಟ್ ಕೊಳ್ಳುವುದಾದರೆ ಕಾವೇರಿ ಸಂಪರ್ಕ ಇದೆಯೇ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬರುತ್ತದೆ ಎಂದು ಏಪ್ರಿಲ್‌ನಲ್ಲೇ ಹೋಗಿ ಕೇಳುವುದು. ಇವುಗಳಲ್ಲಿ ಒಂದಕ್ಕೂ ಭವಿಷ್ಯ ಗೊತ್ತಿರಬೇಕಾಗಿಲ್ಲ.

ಲೋಕಕ್ಕಾಗಿ ಏನಾದರೂ ಮಾಡಬೇಕೆನಿಸಿದರೆ ವಾರಕ್ಕೆ ಎರಡು ಗಂಟೆ, ಒಂದೇ ವಿಷಯ, ಗುಂಪಿನ ಜತೆ ಮಾಡಿ. ಹತ್ತಿರದ ಕೆರೆಯೋ, ವಾರ್ಡಿನ ಕಸವೋ, ಎಣಿಸಿ ನೋಡುವಂಥದ್ದು. ಒಂದು ವಾರ ತಪ್ಪಿದಾಗ ತಪ್ಪಿತಸ್ಥ ಭಾವ ಕಾಡಿದರೆ ಅದು ಸೇವೆಯ ಹೆಸರಿನಲ್ಲಿ ಬಂದ ಹಳೆಯ ಆತಂಕವೇ. ಆಗ ಒಂದು ವಾರ ಬೇಕೆಂದೇ ತಪ್ಪಿಸಿ.

ಇಷ್ಟನ್ನು ಆರು ವಾರ ಮಾಡಿದ ಮೇಲೂ ಹೆಚ್ಚಿನ ದಿನಗಳಲ್ಲಿ ಚಿಂತೆ ಹಿಡಿತಕ್ಕೆ ಸಿಗದಿದ್ದರೆ, ಅಥವಾ ಈಗಲೇ ಕೆಲಸ ಕೆಡುತ್ತಿದ್ದರೆ, ಕಾಯದೆ ತಜ್ಞರ ಬಳಿ ಹೋಗಿ. ಆರು ತಿಂಗಳಿಗೂ ಹೆಚ್ಚು ಕಾಲದ ಬಿಡದ ಚಿಂತೆ, ಜತೆಗೆ ನಿದ್ದೆಗೇಡು, ಮೈಕೈ ಬಿಗಿತ, ಸಿಡುಕು ಇದ್ದರೆ ಅದಕ್ಕೆ ಹೆಸರೂ ಚಿಕಿತ್ಸೆಯೂ ಇವೆ. ನಿಮ್ಮ ಪತ್ರ ಓದಿದರೆ ಒಮ್ಮೆ ತೋರಿಸಿಕೊಳ್ಳುವುದು ಸರಿ ಅನ್ನಿಸುತ್ತದೆ. ಅವರು ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ ಕೇಳಿ ಒಟ್ಟು 21ಕ್ಕೆ ಅಂಕ ಹಾಕಬಹುದು, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು. ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ. ಮಾತ್ರೆ ಬರೆದುಕೊಟ್ಟರೆ ಅದರ ಪರಿಣಾಮ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ, ನಾಲ್ಕನೇ ದಿನ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸಬೇಡಿ. ಮಗುವಿನ ಯೋಚನೆ ಇದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ, ಔಷಧದ ಆಯ್ಕೆ ಅದರ ಮೇಲೆ ನಿಂತಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ತೀರಾ ಕುಸಿದರೆ, ಸಾಯುವ ಯೋಚನೆ ಸುಳಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಭಾಷೆ ಆರಿಸಿಕೊಳ್ಳಲು ಹೇಳಿದಾಗ ಕನ್ನಡ ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತಜ್ಞರ ಬಳಿ ಹೋಗುವಾಗ ಸಂಜೆ ಆರರ ಚೀಟಿಗಳನ್ನೂ ಊಹೆಯ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರಿಗೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.